ಎಂಟು ಎಣಿಸುವ ತನಕ

ಪುಣೆ
9 ಜೂನ್ 2024

ದೊಡ್ಡಪ್ಪ,

ನಾನು ಕಾಗದ ಬರೆದು ಹತ್ತು ವರ್ಷವಾದರೂ ಆಗಿರಬೇಕು. ಅಕ್ಷರ ನೋಡಿ ಬೈಯಬೇಡಿ. ಏನು ಮಾಡಲಿ, ಫೋನ್ ಮಾಡಿದಾಗೆಲ್ಲ ನೀವು ಸ್ನಾನಕ್ಕೆ ಹೋಗಿರುತ್ತೀರಿ. ಕಳೆದ ಭಾನುವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಂತ ಮೂರು ಸಲ ಮಾಡಿದೆ. ಮೂರು ಸಲವೂ ದೊಡ್ಡಮ್ಮ "ಅವ್ರು ಸ್ನಾನಕ್ಕೆ ಹೋಗಿದಾರೆ ಕಣೇ" ಅಂದರು. ಬಾಳೆಹೊನ್ನೂರಿನಲ್ಲಿ ನಿಮ್ಮಷ್ಟು ಮಡಿಯವರು ಇನ್ನೊಬ್ಬರಿಲ್ಲ ಬಿಡಿ.

ವಿಷಯ ಇಷ್ಟು. ನಮ್ಮ 'ಕರಿಕೊಡೆ' ಬ್ಯಾಂಡಿನ ಹಾಡು ಎಲ್ಲ ಕಡೆ ಹಬ್ಬಿಬಿಟ್ಟಿದೆ. ಮೂರು ವರ್ಷ ನಾವು ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ನಲವತ್ತು ಜನರಿಗೆ ಹಾಡುತ್ತಿದ್ದೆವು. ಆ ನಲವತ್ತೂ ಜನ ನಮ್ಮ ಹಾಗೆ ಕಪ್ಪು ಬಟ್ಟೆ, ಬಿಳಿ ಮುಖ, ಕಣ್ಣ ಸುತ್ತ ಕಾಡಿಗೆಯವರೇ. ಇದಕ್ಕೆ ಗಾತ್ ಅನ್ನುತ್ತಾರೆ ದೊಡ್ಡಪ್ಪ. ರಾಕ್ ಸಂಗೀತವೇ, ಆದರೆ ನಿಧಾನ. ಬಾಸ್ ಗಿಟಾರ್ ಮುಂದೆ ನಡೆಯುತ್ತದೆ, ಹಾಡುವವರ ದನಿ ಕೆಳಗಿರುತ್ತದೆ. ಸಾವು, ಒಂಟಿತನ ಅಂತ ಜನ ಬಾಯಿಬಿಟ್ಟು ಹೇಳದೇ ಇರುವುದನ್ನೆಲ್ಲ ಹಾಡುವುದು. ಕೇಳುವವರು ಕಡಿಮೆ ಅಂತಲೇ ನಮಗೊಂದು ಜಂಬವೂ ಇತ್ತು.

ಜನವರಿಯಲ್ಲಿ 'ನಿಧಾನ ನಡಿ' ಅಂತ ಒಂದು ಕನ್ನಡ ಹಾಡು ಬಿಟ್ಟೆವು. ಈಗ ಅದು ಆಟೋದಲ್ಲಿ ಕೇಳುತ್ತದೆ, ಜಿಮ್ಮಿನಲ್ಲಿ ಕೇಳುತ್ತದೆ. ಮೊನ್ನೆ ತರಕಾರಿ ಮಾರುವ ಹೆಂಗಸು ಹೀರೆಕಾಯಿ ತೂಗುತ್ತಾ ಅದನ್ನೇ ಗುನುಗುತ್ತಿದ್ದಳು, ಕನ್ನಡದ ಒಂದಕ್ಷರ ಬರುವುದಿಲ್ಲ ಅವಳಿಗೆ. ಬಟ್ಟೆ ಅಂಗಡಿಗಳಲ್ಲಿ ನಮ್ಮ ಥರದ ಕರಿ ಲಂಗ ನೇತು ಹಾಕಿದ್ದಾರೆ. ಹಳೆಯ ನಲವತ್ತು ಜನರಲ್ಲಿ ಅರ್ಧ ಮುನಿಸಿಕೊಂಡಿದ್ದಾರೆ. ಎಲ್ಲರೂ ಹಾಡುವ ಹಾಡು ಇನ್ನು ನಮ್ಮದು ಹೇಗಾಗುತ್ತದೆ ಅಂತ ಅವರ ವಾದ.

ನೀವು ಹಾಡು ಕೇಳಿದಿರಾ? ಕೇಳಿದ್ದರೆ ಹೇಗಿದೆ ಅಂತ ಒಂದು ಮಾತು ಹೇಳಿ. ಯಾರು ಹೊಗಳಿದರೂ ನಿಮ್ಮ ಬಾಯಿಂದ ಬರದೇ ನನಗೆ ಸಮಾಧಾನವಿಲ್ಲ.

ನಿಮ್ಮ
ದೀಕ್ಷಾ


ಬಾಳೆಹೊನ್ನೂರು
22 ಜೂನ್ 2024

ದೀಕ್ಷಾ ಪುಟ್ಟಿ,

ಕಾಗದ ತಲುಪಿತು. ಅಕ್ಷರ ಕೋಳಿ ಕೆದರಿದ ಹಾಗಿದೆ. ನಿನ್ನ ಕಿವಿ ದೂರದ ಪುಣೆಯಲ್ಲಿದ್ದದ್ದಕ್ಕೆ ಹಿಂಡಿಸಿಕೊಳ್ಳದೆ ಬಚಾವಾದೆ.

ಫೋನಿನ ಮಾತು ಬಿಡು. ಮಳೆ ಹಿಡಿದ ಮೇಲೆ ಇಲ್ಲಿ ಟವರ್ ಸರಿಯಿಲ್ಲ. ಕಾಗದವೇ ಬರಿ. ನನಗೂ ಕೊಡೆ ರಿಪೇರಿಯ ಸೀಜನ್ನು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಮುರಿದ ಕಡ್ಡಿ ಹಿಡಿದುಕೊಂಡು ಜನ ನಿಂತಿರುತ್ತಾರೆ.

ನಿನ್ನ ಸಂಗೀತದ ಹೆಸರು ಮೊದಲು ಹೇಳಿದ್ದು ಯಶವಂತ. ನಮ್ಮ ಭಜನೆ ಮೇಳದ ಹಾರ್ಮೋನಿಯಂ ಕಲ್ಲೇಶನ ಮಗ, ಕೊಪ್ಪದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನಲ್ಲ, ಅವನು. "ನಿಮ್ಮ ದೀಕ್ಷಾದು ಗೋತ್ ಅಂತೆ ದೊಡ್ಡಪ್ಪ" ಅಂದ. ಪರೀಕ್ಷೆಯಲ್ಲಿ ಗೋತಾ ಹೊಡೆಯುತ್ತಾರಲ್ಲ, ಹಾಗೆ ಫೇಲಾದವರೆಲ್ಲ ಸೇರಿ ಕಟ್ಟಿದ ಮೇಳ ಇರಬೇಕು ಅಂತ ನಾನೂ ಕಲ್ಲೇಶನೂ ಒಂದು ವಾರ ನಂಬಿದ್ದೆವು. ಪಾಪ, ಓದು ತಲೆಗೆ ಹತ್ತದಿದ್ದರೂ ಹಾಡಾದರೂ ಕಲಿತರಲ್ಲ ಅಂತ ಕಲ್ಲೇಶ ನಿಮ್ಮ ಪರವಾಗಿಯೇ ಮಾತಾಡಿದ.

ಯಶವಂತ ನಿನ್ನ ಫೋಟೋ ತೋರಿಸಿದ. ನೀನು ಉಟ್ಟ ಕರಿ ಲಂಗ ನನ್ನ ಅಂಗಡಿಯ ಕೊಡೆ ಬಟ್ಟೆಯದ್ದು ಅಂತ ಹೊಲಿಗೆ ನೋಡಿಯೇ ಗೊತ್ತಾಯಿತು. ನೀನು ಕಾಲೇಜಿಗೆ ಹೋಗುವಾಗ ಎಂಟು ಕೊಡೆಯ ಬಟ್ಟೆ ಕಾಣೆಯಾಗಿತ್ತು. ಇಲಿಯ ಮೇಲೆ ಹಾಕಿದ್ದೆ. ಚೆನ್ನಾಗಿ ಕಾಣುತ್ತೀಯ. ಆ ಬಟ್ಟೆಗೆ ಅಷ್ಟು ಗತ್ತು ಇದೆಯೆಂದು ಇಷ್ಟು ವರ್ಷ ಅದನ್ನು ಹೊಲಿದ ನನಗೇ ಗೊತ್ತಿರಲಿಲ್ಲ.

ಒಂದು ಮಾತು. ಮುಖದ ತುಂಬ ಬಳಿದುಕೊಂಡ ವಿಭೂತಿ ಚಕ್ಕೆ ಚಕ್ಕೆ ಎದ್ದಿದೆ. ಅಲ್ಲಿ ಸಿಗುವುದು ಸುಣ್ಣ ಬೆರೆಸಿದ್ದಿರಬೇಕು. ಮಠದ ಹತ್ತಿರದ ಅಂಗಡಿಯಿಂದ ಒಳ್ಳೆಯ ವಿಭೂತಿಗಟ್ಟಿ ನಾಲ್ಕು ಕಳಿಸಿದ್ದೇನೆ. ನೀರಿನಲ್ಲಿ ತೇಯ್ದು ಹಚ್ಚಿಕೋ, ಎದ್ದು ಬರುವುದಿಲ್ಲ.

ಹಾಡು ಕೇಳಿದೆ. ಚೆನ್ನಾಗಿದೆ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಹಾಕುತ್ತಾರೆ. ನರಸಿಂಹರಾಜಪುರದಲ್ಲಿ ಒಂದು ಮದುವೆಯಲ್ಲೂ ಹಾಕಿದ್ದರು, ಹುಡುಗರು ಕುಣಿದರು.

ಇಂತಿ
ಸೋಮಶೇಖರಪ್ಪ


ಪುಣೆ
15 ಜುಲೈ 2024

ದೊಡ್ಡಪ್ಪ,

ವಿಭೂತಿ ಬಂತು. ಮುಖಕ್ಕೆ ಬಳಿದದ್ದು ವಿಭೂತಿಯಲ್ಲ, ನಾಟಕದವರು ಹಚ್ಚುವ ಬಣ್ಣ. ನೀವು ಕಳಿಸಿದ್ದನ್ನು ಸ್ಟೇಜಿಗೆ ಬಳಸಲು ಮನಸ್ಸಾಗಲಿಲ್ಲ. ದಿನಾ ಸ್ನಾನವಾದ ಮೇಲೆ ಹಣೆಗೆ ಇಡುತ್ತಿದ್ದೇನೆ. ಈ ಊರಿಗೆ ಬಂದ ಮೇಲೆ ಬಿಟ್ಟೇ ಹೋಗಿತ್ತು.

ಕೊಡೆ ಬಟ್ಟೆಗೆ ಹತ್ತು ಸಾಲು ಬರೆದವರು ಹಾಡಿಗೆ "ಚೆನ್ನಾಗಿದೆ" ಅಂತ ಒಂದೇ ಮಾತು ಬರೆದಿದ್ದೀರಿ. ಮದುವೆಯಲ್ಲಿ ಕುಣಿದರು ಅಂತ ಬರೆದು ಸುಮ್ಮನಾಗಿದ್ದೀರಿ. ಟವರ್ ಸರಿಯಿಲ್ಲ ಅಂದಿರಿ, ದೊಡ್ಡಮ್ಮನ ಮಾತು ಮಾತ್ರ ಪಕ್ಕದಲ್ಲೇ ಕೂತು ಆಡಿದ ಹಾಗೆ ಕೇಳುತ್ತದೆ. ನನಗೆ ಅರ್ಥವಾಗಿದೆ ದೊಡ್ಡಪ್ಪ. ನೀವು ಸಿಟ್ಟಾಗಿದ್ದೀರಿ. ನಾನು ಹಿಂದಿನ ಕಾಗದದಲ್ಲೇ ಹೇಳಬೇಕಿತ್ತು, ಧೈರ್ಯ ಸಾಲಲಿಲ್ಲ.

ಆ ಹಾಡು ನಿಮ್ಮದು. ಸಾವಿನ ಮನೆಯಿಂದ ಹೆಣ ಕೂರಿಸಿದ ವಿಮಾನ ಎದ್ದಾಗ ನೀವು ಹಾಡುತ್ತಿದ್ದ ಪದ. "ನಿಧಾನ ನಡಿಯಯ್ಯ, ದಾರಿ ನಿನ್ನದೇ." ಮೊದಲ ಸಾಲೂ ಧಾಟಿಯೂ ನಿಮ್ಮದು, ಉಳಿದ ಸಾಲುಗಳನ್ನು ಮಾತ್ರ ನಾನು ಬರೆದೆ. ನಿಮ್ಮನ್ನು ಒಂದು ಮಾತೂ ಕೇಳಲಿಲ್ಲ. ಹಾಡಿನ ಕೆಳಗೆ ನನ್ನ ಹೆಸರು ಹಾಕಿಕೊಂಡೆ.

ಇಲ್ಲಿ ಹುಡುಗರಿಗೆ ಸಾವಿನ ಹಾಡು ಅಂದರೆ ಹೊಸ ವಿಷಯ. ನನಗೆ ಅದು ಊರಿನ ದಾರಿಯಲ್ಲಿ ಹಗಲು ಹೊತ್ತಿನಲ್ಲಿ ಕೇಳಿದ್ದು. ಹೂವು, ಬಾಳೆಕಂದು ಕಟ್ಟಿದ ವಿಮಾನದಲ್ಲಿ ಹೋದವರು ಕೂತಿರುತ್ತಿದ್ದರು, ಹಣೆ ತುಂಬ ವಿಭೂತಿ. ಮುಂದೆ ನೀವು, ನಿಮ್ಮ ಪಕ್ಕ ಹಾರ್ಮೋನಿಯಂ ಕೊರಳಿಗೆ ಹಾಕಿಕೊಂಡ ಕಲ್ಲೇಶಣ್ಣ, ಹಿಂದೆ ತಾಳ ಹಿಡಿದ ರೇಣುಕಪ್ಪಜ್ಜ. ಹೆಂಗಸರು, ಮಕ್ಕಳು ಹಲಸಿನ ಮರದ ತಿರುವಿನವರೆಗೆ ಮಾತ್ರ. ನಾವು ಅಲ್ಲೇ ನಿಂತುಬಿಡುತ್ತಿದ್ದೆವು. ವಿಮಾನ ತಿರುವಿನಲ್ಲಿ ಮರೆಯಾಗುತ್ತಿತ್ತು. ಹಾಡು ಥಟ್ಟನೆ ನಿಲ್ಲುತ್ತಿತ್ತು. ನಾನು ದೊಡ್ಡಮ್ಮನ ಸೆರಗು ಹಿಡಿದು ಎಣಿಸುತ್ತಿದ್ದೆ. ಎಂಟು. ಪ್ರತಿ ಸಲವೂ ಎಂಟೇ. ಆಮೇಲೆ ಕಾಣದ ಕಡೆಯಿಂದ ನಿಮ್ಮ ದನಿ ಮತ್ತೆ ಏಳುತ್ತಿತ್ತು. ಸತ್ತವರು ಈ ಕಡೆಯಿಂದ ಆ ಕಡೆಗೆ ದಾಟುವುದು ಆ ಎಂಟರಲ್ಲೇ ಅಂತ ಅಂದುಕೊಂಡಿದ್ದೆ. ಏಳಾದ ಮೇಲೆ ಉಸಿರು ಹಿಡಿಯುತ್ತಿದ್ದೆ, ಹಾಡು ಬರದೇ ಹೋದರೆ ಅಂತ ಭಯ.

ಹಾಡಿನ ಮಧ್ಯೆ ಆ ಎಂಟು ಎಣಿಕೆಯ ಮೌನವನ್ನು ಹಾಗೇ ಇಟ್ಟೆ. ಜನ ಹುಚ್ಚಾದದ್ದು ಅದಕ್ಕೇ. ಸಾವಿರಾರು ಜನ ಕುಣಿಯುತ್ತಿದ್ದವರು ಒಮ್ಮೆಗೇ ನಿಂತು ಬಾಯಿ ಮುಚ್ಚುತ್ತಾರೆ. ಒಬ್ಬರು ಪತ್ರಿಕೆಯಲ್ಲಿ "ಶೂನ್ಯವನ್ನೇ ವಾದ್ಯ ಮಾಡಿಕೊಂಡ ಧೈರ್ಯ" ಅಂತ ಬರೆದರು. ಟಿವಿಯವರು ಇದು ಹೇಗೆ ಹೊಳೆಯಿತು ಅಂದರು. ನಾನು ಮುಖ ಗಂಭೀರ ಮಾಡಿಕೊಂಡು, ಒಂಟಿಯಾಗಿ ಕೂತಿದ್ದಾಗ ಹೊಳೆಯಿತು ಅಂದೆ. ಅಂದ ಕ್ಷಣದಿಂದ ಮನಸ್ಸಿಗೆ ಚೈನಿಲ್ಲ.

ಅದು ಸಾವಿನ ಮನೆಯಲ್ಲಿ ಮಾತ್ರ ಹಾಡುವ ಪದ ಅಂತ ಗೊತ್ತಿದ್ದೂ ಮದುವೆಯವರ ಕಾಲಿಗೆ ಹಾಕಿದೆ. ನೀವು ಬೇಡ ಅಂದರೆ ಹಾಡನ್ನು ಎಲ್ಲ ಕಡೆಯಿಂದ ತೆಗೆಸುತ್ತೇನೆ. ಬ್ಯಾಂಡಿನವರಿಗೂ ಹೇಳಿದ್ದೇನೆ. ನೀವು ಬೈದರೂ ಸರಿ, ನನ್ನ ಜೊತೆ ಮಾತು ಬಿಡಬೇಡಿ.

ದೀಕ್ಷಾ


ಪುಣೆ
20 ಆಗಸ್ಟ್ 2024

ದೊಡ್ಡಪ್ಪ,

ಒಂದು ತಿಂಗಳ ಮೇಲಾಯಿತು. ಮನೆಯಲ್ಲಿ ಕೇಳಿದರೆ ಅಪ್ಪ "ಚೆನ್ನಾಗಿದಾರೆ ಬಿಡು" ಅಂದು ಅಡಿಕೆ ರೇಟಿನ ಮಾತು ತೆಗೆಯುತ್ತಾರೆ. ದೊಡ್ಡಮ್ಮ ಈಗ ಸ್ನಾನ ಅಂತಲೂ ಹೇಳುವುದಿಲ್ಲ, ಊಟ ಆಯ್ತಾ ಅಂತ ಕೇಳಿ ಫೋನ್ ಇಡುತ್ತಾರೆ.

ಕಳೆದ ವಾರದ ಕಾರ್ಯಕ್ರಮದಲ್ಲಿ ಆ ಹಾಡು ಹಾಡಲಿಲ್ಲ. ಜನ ಅರ್ಧ ಗಂಟೆ ಕೂಗಿದರು. ನೀವು ಹೇಳುವ ತನಕ ನಾನು ಹಾಡುವುದಿಲ್ಲ. ಬೇಕು ಅಥವಾ ಬೇಡ, ಒಂದೇ ಒಂದು ಸಾಲು ಬರೆಯಿರಿ.

ದೀಕ್ಷಾ


ಬಾಳೆಹೊನ್ನೂರು
3 ಸೆಪ್ಟೆಂಬರ್ 2024

ಪುಟ್ಟಿ,

ಬೇಕು. ಮೊದಲು ಅದನ್ನು ಬರೆದುಬಿಡುತ್ತೇನೆ. ಹಾಡು. ನನಗೆ ಸಿಟ್ಟಿಲ್ಲ. ಯಾವತ್ತೂ ಇರಲಿಲ್ಲ.

ನಾಲ್ಕು ಸಲ ಕಾಗದ ಶುರು ಮಾಡಿ ಹರಿದುಹಾಕಿದೆ. ಅಷ್ಟರಲ್ಲಿ ಕಲ್ಲೇಶನನ್ನು ಆಸ್ಪತ್ರೆಗೆ ಸೇರಿಸಿದರು. ನಾನು ಅವನ ಮಂಚದ ಪಕ್ಕ ಕೂತುಬಿಟ್ಟೆ. ಆಗಸ್ಟ್ 28ಕ್ಕೆ ಕಲ್ಲೇಶ ಲಿಂಗೈಕ್ಯನಾದ. ನಲವತ್ತು ವರ್ಷ ಊರವರನ್ನೆಲ್ಲ ಕಳಿಸಿಕೊಟ್ಟ ಹಾರ್ಮೋನಿಯಂ ಈಗ ಅವನ ಮನೆಯ ಅಟ್ಟದ ಮೇಲಿದೆ.

ಇನ್ನು ನನ್ನ ಸುಳ್ಳಿಗೆ ಬರುತ್ತೇನೆ. ಟವರ್ ಸರಿಯಾಗಿಯೇ ಇತ್ತು. ಫೆಬ್ರವರಿಯಲ್ಲಿ ನನ್ನ ಗಂಟಲಿನಲ್ಲಿ ಗಂಟೊಂದು ಎದ್ದು ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಜೀವಕ್ಕೆ ಏನೂ ಭಯವಿಲ್ಲ, ಗಾಬರಿಯಾಗಬೇಡ. ದನಿ ಮಾತ್ರ ಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ನಿನ್ನ ಹೆಸರು ಹೊರಗೆ ಬರುತ್ತಿದ್ದ ಹೊತ್ತು, ಅದರ ಮಧ್ಯೆ ನನ್ನ ಗಂಟಲಿನ ಗೋಳು ಯಾಕೆ ಅಂತ ನಿನ್ನ ಅಪ್ಪನಿಗೂ ದೊಡ್ಡಮ್ಮನಿಗೂ ಬಾಯಿಮುಚ್ಚಿಕೊಂಡಿರಲು ಹೇಳಿದ್ದೆ. ಸ್ನಾನದ ಸುಳ್ಳು ನಿನ್ನ ದೊಡ್ಡಮ್ಮನ ಸ್ವಂತದ್ದು. ನಾಚಿಕೆಯೂ ಇತ್ತು ಅನ್ನು. ಊರಿಗೆಲ್ಲ ಹಾಡಿದವನು ಮಗಳಿಗೆ ಹಲೋ ಅನ್ನಲಾರದೆ ಫೋನ್ ಹಿಡಿದು ನಿಲ್ಲುವುದು ಬೇಡವಾಗಿತ್ತು.

ಆಪರೇಷನ್ ಆದ ಮೂರನೆಯ ದಿನ ವಾರ್ಡಿನಲ್ಲಿ ಮಲಗಿದ್ದೆ. ನರ್ಸಮ್ಮನ ಜೇಬಿನಲ್ಲಿ ಫೋನ್ ರಿಂಗಾಯಿತು. "ನಿಧಾನ ನಡಿಯಯ್ಯ." ನನ್ನ ಧಾಟಿ. ಹಾಡುತ್ತಿದ್ದದ್ದು ನೀನು. ನಾನು ಕೈಸನ್ನೆ ಮಾಡಿ ಇನ್ನೊಂದು ಸಲ ಹಾಕಿಸಿದೆ. ಆಕೆ "ನಿಮ್ಗೂ ಇದು ಇಷ್ಟನಾ ಅಜ್ಜ?" ಅಂದಳು. ಇಷ್ಟವಾ ಅಂತೆ! ನನ್ನ ಗಂಟಲಿನಿಂದ ಹೋದ ದನಿ ಎಲ್ಲಿ ಹೋಯಿತು ಅಂತ ಮೂರು ದಿನದಿಂದ ಗೋಡೆ ನೋಡುತ್ತಿದ್ದೆ. ಅದು ಅಲ್ಲಿತ್ತು. ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಆಕೆ ಹೊಲಿಗೆ ನೋಯುತ್ತಿದೆ ಅಂದುಕೊಂಡು ಇಂಜೆಕ್ಷನ್ ಕೊಟ್ಟಳು.

ಅವತ್ತೇ ನಿನಗೆ ಬರೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಬರೆದರೆ ಗಂಟಲಿನ ವಿಷಯವನ್ನೂ ಬರೆಯಬೇಕಲ್ಲ, ಅದಕ್ಕೇ "ಚೆನ್ನಾಗಿದೆ" ಅಂತ ಮುಗಿಸಿದೆ.

ನಿನ್ನ ಎಂಟು ಎಣಿಕೆಯ ವಿಷಯ ಹೇಳಿದರೆ ನಗಬೇಡ. ನೀನು ಯಾವತ್ತೂ ತಿರುವಿನ ಆಚೆ ಬಂದವಳಲ್ಲ. ಆಚೆ ರುದ್ರಭೂಮಿಯವರೆಗೆ ಕಡಿದಾದ ಏರು. ಹಿಂದೆಲ್ಲ ಹೊತ್ತವರು ಒಬ್ಬೊಬ್ಬರು ಒಂದೊಂದು ಕಡೆ ಹೆಗಲು ಬದಲಾಯಿಸುತ್ತಿದ್ದರು, ವಿಮಾನ ವಾಲುತ್ತಿತ್ತು. ಒಮ್ಮೆ ವಿಮಾನದಲ್ಲಿ ಕೂತಿದ್ದ ಸುಬ್ಬಪ್ಪಜ್ಜನ ಪೇಟ ಚರಂಡಿಗೆ ಬಿತ್ತು. ಕಲ್ಲೇಶನ ಕೊರಳೂ ಹಾರ್ಮೋನಿಯಂ ಭಾರಕ್ಕೆ ನೋಯುತ್ತಿತ್ತು. "ಮಾರಾಯ, ಒಂದ್ ಗಳಿಗೆ ಹಾಡು ನಿಲ್ಸು, ಪಟ್ಟಿ ಈಚೆ ಹೆಗಲಿಗೆ ಹಾಕ್ಕೋತೀನಿ" ಅಂತ ಗೋಗರೆದ. ಆಗ ನಾನು ಒಂದು ನಿಯಮ ಮಾಡಿದೆ. ತಿರುವು ದಾಟಿದ ಕೂಡಲೇ ಹಾಡು ನಿಲ್ಲಿಸುವುದು, ಎಂಟು ಎಣಿಸುವಷ್ಟರಲ್ಲಿ ಎಲ್ಲರೂ ಹೆಗಲು ಬದಲಾಯಿಸುವುದು. ಇಷ್ಟೇ ನಿನ್ನ ಶೂನ್ಯ. ಪತ್ರಿಕೆಯವರಿಗೆ ಹೇಳಬೇಡ, ಬೇಜಾರು ಮಾಡಿಕೊಂಡಾರು.

ಈಗ ಕಲ್ಲೇಶನ ದಿನದ ಮಾತು. ಮಧ್ಯಾಹ್ನ ಮೂರಕ್ಕೆ ವಿಮಾನ ಎತ್ತಿದರು. ಹಾರ್ಮೋನಿಯಂನವನು ವಿಮಾನದ ಮೇಲೆ ಕೂತಿದ್ದಾನೆ. ರೇಣುಕಪ್ಪನಿಗೆ ತಾಳವೇ ಸರಿಯಾಗಿ ಕೇಳುವುದಿಲ್ಲ. ನಾನು ಅಭ್ಯಾಸಬಲದಿಂದ ಬಾಯಿ ತೆರೆದೆ, ಗಾಳಿ ಬಂತು. ಹಾಡಿಲ್ಲದೆ ಹತ್ತು ಹೆಜ್ಜೆ ನಡೆದೆವು. ಊರಿನ ಎಲ್ಲರಿಗೂ ಹಾಡಾಗಿತ್ತು, ಅವನೊಬ್ಬನಿಗೆ ಇಲ್ಲ. ಅಷ್ಟು ಅವಮಾನ ನನಗೆ ಜನ್ಮದಲ್ಲೇ ಆಗಿರಲಿಲ್ಲ.

ಆಗ ಯಶವಂತ, ಅಪ್ಪನಿಗೆ ಹೆಗಲು ಕೊಟ್ಟವನು, ತಲೆ ತಗ್ಗಿಸಿಕೊಂಡೇ ಶುರು ಮಾಡಿದ. "ನಿಧಾನ ನಡಿಯಯ್ಯ." ಮುಂದಿನ ಸಾಲುಗಳು ನಿನ್ನವು. ಹಿಂದಿನಿಂದ ಒಬ್ಬ ಸೇರಿದ, ಆಮೇಲೆ ನಾಲ್ಕು ಜನ, ಆಮೇಲೆ ಇಡೀ ದಾರಿ. ಕೊಪ್ಪದಿಂದ ಬಂದವರು, ಶೃಂಗೇರಿ ಕಡೆಯ ನೆಂಟರು, ಭಜನೆಗೆ ಕರೆದರೆ ಕೆಲಸ ಇದೆ ಅಂತ ತಪ್ಪಿಸಿಕೊಳ್ಳುತ್ತಿದ್ದ ಹುಡುಗರು, ಎಲ್ಲರಿಗೂ ಪದ ಬಾಯಿಪಾಠ. ಮದುವೆಯಲ್ಲಿ ಕುಣಿದವರೇ ಅವರು. ಆದರೆ ಯಾರೂ ಕುಣಿಯುವ ಹಾಗೆ ಹಾಡಲಿಲ್ಲ. ಎಷ್ಟು ಕೆಳದನಿಯಲ್ಲಿ, ಎಷ್ಟು ಮರ್ಯಾದೆಯಿಂದ ಹಾಡಿದರು ಗೊತ್ತಾ. ನಾನು ರೇಣುಕಪ್ಪನ ಕೈಯಿಂದ ತಾಳ ಇಸಿದುಕೊಂಡೆ.

ತಿರುವು ದಾಟಿದೆವು. ಹಾಡು ನಿಂತಿತು. ಇನ್ನೂರು ಜನ ಒಟ್ಟಿಗೆ. ಈ ಹುಡುಗರು ಯಾರೂ ಹಿಂದೆ ವಿಮಾನ ಹೊತ್ತವರಲ್ಲ, ನಾನು ಹೇಳಿಕೊಟ್ಟಿರಲಿಲ್ಲ, ಹೇಳಲು ಬಾಯಿಯೂ ಇಲ್ಲ. ಯಶವಂತ ಪಕ್ಕಕ್ಕೆ ನೋಡಿದ. ನಾಲ್ಕೂ ಜನ ತಲೆ ತಗ್ಗಿಸಿ ಬಿದಿರಿನ ಕೆಳಗೆ ಹಾದು ಈಚೆ ಹೆಗಲು ಕೊಟ್ಟರು. ವಿಮಾನ ಒಂದು ಕೂದಲಿನಷ್ಟೂ ವಾಲಲಿಲ್ಲ. ಎಂಟಕ್ಕೆ ಹಾಡು ಎದ್ದಿತು.

ಆಮೇಲೆ ಸ್ಲೇಟಿನ ಮೇಲೆ ಬರೆದು ಯಶವಂತನನ್ನು ಕೇಳಿದೆ, ಯಾರು ಹೇಳಿಕೊಟ್ಟರು ಅಂತ. "ಯಾರ್ ಹೇಳ್ಕೊಡ್ಬೇಕು ದೊಡ್ಡಪ್ಪ? ಹಾಡು ನಿಂತಾಗ ಎಲ್ರೂ ನಿಂತ್ವಿ. ನಿಂತಾಗಲ್ವಾ ಹೆಗಲು ಬದ್ಲಾಯ್ಸಕ್ಕೆ ಆಗದು?" ಅಂದ.

ನಿನ್ನ ನಲವತ್ತು ಜನಕ್ಕೆ ಹೇಳು. ಎಲ್ಲರೂ ಹಾಡುವ ಹಾಡು ನಮ್ಮದಲ್ಲ ಅಂದರಂತಲ್ಲ. ನಾವು ಈ ಪದ ಹಾಡಲು ಹೋಗದ ಮನೆ ಈ ಸುತ್ತಿನಲ್ಲಿ ಯಾವುದಿದೆ? ಈ ಹಾಡು ಮೊದಲಿನಿಂದಲೂ ಎಲ್ಲರದ್ದೇ. ಎಲ್ಲರಿಗೂ ಬರುವ ಹಾಗೆ ಮಾಡಿದವಳು ನೀನು. ನನ್ನ ಕೈಲಿ ಅದು ಆಗಿರಲಿಲ್ಲ.

ದೊಡ್ಡಪ್ಪ


ಪುಣೆ
12 ಸೆಪ್ಟೆಂಬರ್ 2024

ದೊಡ್ಡಪ್ಪ,

ಕಾಗದವನ್ನು ಬಸ್ಸಿನಲ್ಲಿ ಓದಿದೆ. ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯಲಿಲ್ಲ. ಕಂಡಕ್ಟರು ನೀರು ಕೊಟ್ಟ.

ಕಲ್ಲೇಶಣ್ಣ ಹಾರ್ಮೋನಿಯಂ ಮೇಲೆ ನನ್ನ ಬೆರಳಿಟ್ಟು ಸರಿಗಮ ಹೇಳಿಕೊಟ್ಟಿದ್ದರು. ಅವರಿಗೆ ಹಾಡಾಯಿತಲ್ಲ. ಅದಕ್ಕೆ ನನ್ನ ಹಾಡು ಒದಗಿತಲ್ಲ. ನನಗೆ ಇದಕ್ಕಿಂತ ದೊಡ್ಡದು ಇನ್ನೇನೂ ಸಿಗಲಿಕ್ಕಿಲ್ಲ.

ಬ್ಯಾಂಡಿನವರಿಗೆ ಹೆಗಲಿನ ಕಥೆ ಹೇಳಿದೆ. ಡ್ರಮ್ ಬಾರಿಸುವ ಈಶಾನ, ನಮ್ಮ ಕಡೆಯ ಕಿಗ್ಗದವನು, ತಲೆ ಮೇಲೆ ಕೈ ಹೊತ್ತು ಕೂತ. "ಆ ಎಂಟಕ್ಕೆ ನಾನು ಕಣ್ಣು ಮುಚ್ಚಿ ಸಾವಿನ್ ಬಗ್ಗೆ ಯೋಚ್ನೆ ಮಾಡ್ತಿದ್ನಲ್ಲೇ! ಇವ್ರು ಪಟ್ಟಿ ಬದ್ಲಾಯ್ಸ್ತಿದ್ರಾ?" ಅಂದ. ಮೊನ್ನೆ ಶನಿವಾರ ಹಾಡುವ ಮೊದಲು ಜನರಿಗೂ ಇದೆಲ್ಲ ಹೇಳಿದೆ. ಇದು ನನಗೆ ಹೊಳೆದದ್ದಲ್ಲ, ನಾನು ಸುಳ್ಳು ಹೇಳಿದ್ದೆ, ಇದು ಬಾಳೆಹೊನ್ನೂರಿನಲ್ಲಿ ಕೊಡೆ ರಿಪೇರಿ ಮಾಡುವ ಸೋಮಶೇಖರಪ್ಪ ಅವರ ಪದ ಅಂದೆ. ಜನ ನಿಮ್ಮ ಹೆಸರು ಕೂಗಿದರು ದೊಡ್ಡಪ್ಪ. ಹಾಡಿನ ಕೆಳಗೂ ಈಗ ನಿಮ್ಮ ಹೆಸರಿದೆ.

ಆದರೆ ಒಂದು ಕೊರಗು ಹೋಗುತ್ತಿಲ್ಲ. ನಾನು ಸೌಂಡ್ ರೆಕಾರ್ಡಿಂಗ್ ಓದಿದವಳು. ರೈಲಿನ ಸದ್ದು, ಗಿರಣಿಯ ಸದ್ದು, ಊರಿಗೆ ಬಂದಾಗ ಕಪ್ಪೆಯ ಸದ್ದು ಎಲ್ಲ ರೆಕಾರ್ಡ್ ಮಾಡಿಕೊಂಡಿದ್ದೇನೆ. ನಿಮ್ಮ ದನಿ ಒಂದು ನಿಮಿಷವೂ ನನ್ನ ಹತ್ತಿರ ಇಲ್ಲ. ಮಂಗಳವಾರ ಇಡೀ ದಿನ ಹಳೆಯ ಪೆಟ್ಟಿಗೆಗಳನ್ನೆಲ್ಲ ಹುಡುಕಿದೆ. ಇಲ್ಲ. ಯಾವಾಗ ಬೇಕಾದರೂ ಕೇಳಬಹುದು ಅಂದುಕೊಂಡಿದ್ದೆ.

ದಸರಾಕ್ಕೆ ಶಿವಮೊಗ್ಗದಲ್ಲಿ ಕಾರ್ಯಕ್ರಮವಿದೆ. ಮುಗಿಸಿ ಮನೆಗೆ ಬರುತ್ತೇನೆ. ಮೇಳಕ್ಕೆ ಹಾಡುವವರು ಬೇಕಲ್ಲ, ನನ್ನನ್ನು ಸೇರಿಸಿಕೊಳ್ಳುತ್ತೀರಾ? ತಿರುವಿನ ಆಚೆಗೂ ಬರಬಹುದಾ?

ನಿಮ್ಮ
ದೀಕ್ಷಾ


ಬಾಳೆಹೊನ್ನೂರು
21 ಸೆಪ್ಟೆಂಬರ್ 2024

ಪುಟ್ಟಿ,

ಹಾಡಿನ ಕೆಳಗೆ ನನ್ನದೊಂದೇ ಹೆಸರು ಬೇಡ. ಕಲ್ಲೇಶನದ್ದೂ ಹಾಕು. ಅವನ ಕೊರಳು ನೋಯದಿದ್ದರೆ ಆ ಎಂಟು ಹುಟ್ಟುತ್ತಲೇ ಇರಲಿಲ್ಲ.

ತಿರುವಿನ ಆಚೆ ಬರುವ ವಿಷಯ ರೇಣುಕಪ್ಪನನ್ನು ಕೇಳಿದೆ. "ಅವ್ಳ ಹಾಡೇ ಆಚೆ ಹೋಗಿಯಾಗಿದೆ, ಅವ್ಳು ಯಾಕೆ ಈಚೆ ನಿಲ್ಬೇಕು?" ಅಂದ. ಬಾ. ಯಶವಂತ ಹಾರ್ಮೋನಿಯಂ ಅಟ್ಟದಿಂದ ಇಳಿಸಿ ಧೂಳು ಒರೆಸಿದ್ದಾನೆ. ಮೇಳಕ್ಕೆ ಆರು ಹುಡುಗರು ಹೆಸರು ಕೊಟ್ಟಿದ್ದಾರೆ. ನಿನ್ನ ಲಂಗಕ್ಕೆ ಹೊಸ ಕೊಡೆ ಬಟ್ಟೆ ತೆಗೆದಿಟ್ಟಿದ್ದೇನೆ, ಈ ಸಲ ಕದಿಯಬೇಕಾಗಿಲ್ಲ.

ನನ್ನ ದನಿ ನಿನ್ನ ಹತ್ತಿರ ಇಲ್ಲ ಅಂತ ಅತ್ತಿದ್ದೀಯ. ಕಾಗದ ಅಲ್ಲಲ್ಲಿ ಉಬ್ಬಿದೆ, ಗೊತ್ತಾಯಿತು. ಸರಿಯಾಗಿ ಹುಡುಕಿಲ್ಲ ನೀನು. ಹಾಡಿನಲ್ಲಿ ಮಿಕ್ಕದ್ದೆಲ್ಲ ನಿನ್ನ ದನಿ. ಆ ಎಂಟು ಮಾತ್ರ ನಾನು ಹೇಗೆ ನಿಲ್ಲಿಸುತ್ತಿದ್ದೆನೋ ಹಾಗೇ ಇದೆ, ಒಂದು ಚೂರೂ ಆಚೆ ಈಚೆ ಆಗಿಲ್ಲ. ನೀನು ಆರು ವರ್ಷದವಳಿದ್ದಾಗಲೇ ರೆಕಾರ್ಡ್ ಮಾಡಿಕೊಂಡಿದ್ದೀಯ.

ಮುಂದಿನ ಭಾನುವಾರ ಸಂಜೆ ಆರಕ್ಕೆ ಫೋನ್ ಮಾಡು. ನಾನೇ ಎತ್ತುತ್ತೇನೆ. ಸ್ನಾನ ಬೆಳಿಗ್ಗೆಯೇ ಮುಗಿಸಿರುತ್ತೇನೆ. ಹಲೋ ಅನ್ನುವುದಿಲ್ಲ ಅಂತ ಗಾಬರಿಯಾಗಬೇಡ. ಹಾಡಲು ಶುರು ಮಾಡು. ತಿರುವಿನ ಹತ್ತಿರ ನಿಲ್ಲಿಸು. ಏನೂ ಕೇಳಿಸುತ್ತಿಲ್ಲ ಅಂತ ಫೋನ್ ಇಟ್ಟುಬಿಡಬೇಡ, ಎಂಟು ಎಣಿಸುವ ತನಕ ಮಾತಾಡುತ್ತಿರುವುದು ನಾನು.

ದೊಡ್ಡಪ್ಪ